ಕೈಯಿಂದ ಕೇಳುವ ಚಿಕ್ಕಸಿದ್ದಮ್ಮ

ಬೆಳಗಿನ ಐದೂಮುಕ್ಕಾಲು. ಹುಣಸೂರಿನ ಹೊರಗೆ, ತಂಬಾಕು ಗೋದಾಮುಗಳ ಸಾಲು ದಾಟಿದರೆ ಸಿಗುವ ಎರಕದ ಕಾರ್ಖಾನೆ. ಚಿಕ್ಕಸಿದ್ದಮ್ಮ ಸೀರೆಯ ಮೇಲೊಂದು ಗಂಡಸರ ಹಳೇ ಅಂಗಿ ತೊಟ್ಟು, ತಲೆಗೆ ಟವೆಲ್ಲು ಬಿಗಿದು, ಮರದ ಬೆಂಚಿನ ಮುಂದೆ ನಿಂತಿದ್ದಾರೆ. ಎಡಗೈಯಲ್ಲಿ ಗೇಣುದ್ದದ ಕಬ್ಬಿಣದ ತುಂಡು, ಬಲಗೈಯಲ್ಲಿ ಸಣ್ಣ ಸುತ್ತಿಗೆ. ಟಣ್. ತುಂಡು ಬಲಗಡೆಯ ಕ್ರೇಟಿಗೆ ಹೋಗುತ್ತದೆ. ಟಣ್. ಅದೂ ಬಲಕ್ಕೆ. ಬದ್. ಇದು ಎಡಗಡೆಯ ಕೆಂಪು ಡಬ್ಬಕ್ಕೆ.

"ನೋಡ್ದಾ ಅನು? ಇದ್ರ ಒಳ್ಗೆ ಬಿರುಕು ಅದೆ. ಮ್ಯಾಲೆ ಸಂದಾಗೈತೆ, ಒಳ್ಗೆ ಸತ್ತೋಗದೆ" ಎನ್ನುತ್ತಾರೆ ಪಕ್ಕದಲ್ಲಿರುವ ಅನುಶ್ರೀಗೆ. ಮಿರ್ಲೆ ಕಡೆಯಿಂದ ಹುಣಸೂರಿಗೆ ಮದುವೆಯಾಗಿ ಬಂದಿರುವ, ಎರಡು ಮಕ್ಕಳ ತಾಯಿ ಅನುಶ್ರೀ ಕಣ್ಣು ಮುಚ್ಚಿ ಕಿವಿಗೊಡುತ್ತಾರೆ. ಈ ತಿಂಗಳ ಕೊನೆಯೊಳಗೆ ಅವರು ಈ ವಿದ್ಯೆ ಕಲಿಯಬೇಕು. ಕಲಿತ ದಿನ ಚಿಕ್ಕಸಿದ್ದಮ್ಮನವರು ಬೆಂಚು ಬಿಟ್ಟುಕೊಡಬೇಕು. ಹದಿನಾಲ್ಕು ವರ್ಷ ನಿಂತ ಜಾಗ. ತಮ್ಮ ಅನ್ನಕ್ಕೆ ಕುತ್ತು ತರುವ ಪಾಠವನ್ನು ಈ ಹೆಂಗಸು ಇಷ್ಟು ಶ್ರದ್ಧೆಯಿಂದ ಹೇಳಿಕೊಡುತ್ತಿದ್ದಾರೆ.

ಆ ತುಂಡಿನ ಕೆಲಸ ಇಷ್ಟೇ: ರೈಲು ಹಳಿಯ ಕೆಳಗಿನ ಕಾಂಕ್ರೀಟ್ ದಿಮ್ಮಿಯಲ್ಲಿ ಅರ್ಧ ಹೂತುಕೊಂಡು, ಹಳಿಯನ್ನು ಅಲ್ಲಾಡದಂತೆ ಹಿಡಿಯುವ ಕ್ಲಿಪ್ಪಿಗೆ ಆಧಾರವಾಗುವುದು. ಕಾಗದಪತ್ರದಲ್ಲಿ ಅದಕ್ಕೆ ಏನೇನೋ ಹೆಸರು, ನಂಬರು. ಚಿಕ್ಕಸಿದ್ದಮ್ಮನವರಿಗೆ ಅದು ಬರೀ ಗೂಟ. ಒಂದೊಂದೂ ಒಂದೂವರೆ ಕಿಲೋಗಿಂತ ಕೊಂಚ ಹೆಚ್ಚು. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಲ್ಲಿ ಬಡಿದು ನೋಡುವ ಹಾಗೆ, ಒಂದೊಂದು ಗೂಟವನ್ನೂ ಬಡಿದು ಅದರ ದನಿಯಲ್ಲಿ ಗಟ್ಟಿಯೋ ಪೊಳ್ಳೋ ಎಂದು ಹೇಳುವುದು ಅವರ ಕೆಲಸ. ಮೊದಲು ದಿನಕ್ಕೆ ಸಾವಿರದ ನೂರು ಬಡಿಯುತ್ತಿದ್ದರು. ಈಗ ಎರಡು ಸಾವಿರ. ಲೆಕ್ಕ ಹಾಕಿದರೆ ದಿನವೊಂದಕ್ಕೆ ಮೂರು ಟನ್ನಿಗೂ ಮೀರಿದ ಕಬ್ಬಿಣ ಆ ಒಂದು ಎಡಗೈಯನ್ನು ಹಾದು ಹೋಗುತ್ತದೆ.

ತಮಾಷೆ ನೋಡಿ, ಹುಣಸೂರಿಗೆ ರೈಲಿಲ್ಲ. ಪಿರಿಯಾಪಟ್ಟಣಕ್ಕೂ ಇಲ್ಲ, ಎಚ್.ಡಿ. ಕೋಟೆಗೂ ಇಲ್ಲ. ಇವರು ಹಳಿ ಕಂಡಿದ್ದು ಕೆ.ಆರ್. ನಗರದ ಸ್ಟೇಷನ್ನಿನಲ್ಲಿ, ಅದೂ ನಾದಿನಿಯ ಮಗಳ ಮದುವೆಗೆ ಹೋದಾಗ. "ಎಲ್ರೂ ರೈಲ್ ನೋಡ್ತಿದ್ರು, ನಾನು ಬಗ್ಗಿ ಬಗ್ಗಿ ಗೂಟ ನೋಡ್ತಿದ್ದೆ. ನಮ್ಮೆಜಮಾನ್ರು 'ಏನ್ ಬೀಳ್ಸ್ಕೊಂಡ್ಯೇ?' ಅಂತ ರೇಗುದ್ರು" ಎಂದು ಬಾಯಿಗೆ ಸೆರಗು ಹಿಡಿದು ನಗುತ್ತಾರೆ.

ಊರು ಗಾವಡಗೆರೆ ಹೋಬಳಿಯ ಒಂದು ಹಳ್ಳಿ. ವಯಸ್ಸು ಐವತ್ತೆರಡು. ಮೊದಲು ತಂಬಾಕಿನ ಎಲೆಯನ್ನು ಬಣ್ಣ ನೋಡಿ ವಿಂಗಡಿಸುವ ಕೂಲಿ. ಗಂಡ ಸಣ್ಣಯ್ಯನವರು ಇದೇ ಕಾರ್ಖಾನೆಯಲ್ಲಿ ಅಚ್ಚಿನ ಮರಳು ಜರಡಿ ಹಿಡಿಯುತ್ತಿದ್ದರು. ಆ ಮರಳಿನ ದೂಳು ಎದೆಯಲ್ಲಿ ಕೂತುಬಿಟ್ಟಿತು. ಈಗ ಮನೆಯಿಂದ ಬಸ್‌ಸ್ಟ್ಯಾಂಡಿಗೆ ನಡೆಯುವಷ್ಟರಲ್ಲಿ ಎರಡು ಕಡೆ ಕೂರಬೇಕು. ಮನೆ ನಡೆಯುವುದು ಹೆಂಡತಿಯ ದುಡಿಮೆಯಿಂದ.

ಕಾರ್ಖಾನೆಯ ಕಥೆಗೆ ಬೇರೆಯದೇ ಮುಖವಿದೆ. ಯುರೋಪಿನ ಕಡೆಯ ದೇಶವೊಂದರ ಜೊತೆ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದ ಮೇಲೆ ಇಲ್ಲಿ ದೆಸೆಯೇ ತಿರುಗಿದೆ. ಮಾಲೀಕ ವೀರಭದ್ರಸ್ವಾಮಿಯವರು ಅದನ್ನು ಮುಚ್ಚಿಡುವುದಿಲ್ಲ. "ಮೊದಲು ಅವರ ಬಂದರಿನಲ್ಲಿ ನಮ್ಮ ಮಾಲಿಗೆ ಸುಂಕ ಬೀಳ್ತಿತ್ತು. ನೂರಕ್ಕೆ ಮೂರೋ ನಾಲ್ಕೋ. ಕೇಳೋಕೆ ಕಮ್ಮಿ, ಆದರೆ ಎರಕದ ಕಸುಬಲ್ಲಿ ನಮಗೆ ಉಳಿಯೋದೇ ಅಷ್ಟು ಕಣ್ರೀ. ಈಗ ಆ ಸುಂಕ ಸೊನ್ನೆ. ಆರ್ಡರ್ ಎರಡರಷ್ಟಾಯ್ತು" ಎನ್ನುತ್ತಾರೆ. ಒಂದು ಷರತ್ತಿದೆ: ಕಬ್ಬಿಣ ಇಲ್ಲೇ ಕರಗಬೇಕು, ಇಲ್ಲೇ ಅಚ್ಚಿಗೆ ಬೀಳಬೇಕು. ಬೇರೆ ದೇಶದ ಎರಕ ತರಿಸಿ ತಮ್ಮ ಮೊಹರು ಒತ್ತಿ ಕಳಿಸಿದರೆ ರಿಯಾಯಿತಿ ಸಿಗದು. ಹಾಗಾಗಿ ಎರಡನೇ ಕುಲುಮೆ ಹೊತ್ತಿತು, ಎರಡನೇ ಪಾಳಿ ಶುರುವಾಯಿತು, ಹಂಪಾಪುರ, ಪಿರಿಯಾಪಟ್ಟಣದ ಕಡೆಯ ನಲವತ್ತು ಜನಕ್ಕೆ ಕೆಲಸವೂ ಸಿಕ್ಕಿತು. ಇದನ್ನು ಒಳ್ಳೆಯದಲ್ಲ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಕುಲುಮೆ ಎರಡಾಯಿತು, ಎರಕದ ಏಣು ತೇಯುವ ಗ್ರೈಂಡಿಂಗ್ ಮಿಷನ್ನುಗಳು ನಾಲ್ಕಿದ್ದದ್ದು ಒಂಬತ್ತಾದವು. ದನಿ ನೋಡುವ ಬೆಂಚು ಮಾತ್ರ ಒಂದೇ, ಅದೂ ಆ ಒಂಬತ್ತು ಮಿಷನ್ನುಗಳಿಂದ ಹತ್ತು ಹೆಜ್ಜೆ ದೂರದಲ್ಲಿ. ಅಲ್ಲಿ ನಿಂತು ಮಾತಾಡಬೇಕೆಂದರೆ ಗಂಟಲು ಹರಿದುಕೊಳ್ಳಬೇಕು. ಅಂಥ ಗದ್ದಲದಲ್ಲಿ ನಿಂತು ಕಬ್ಬಿಣದ ಪಿಸುದನಿ ಕೇಳಿಸಿಕೋ ಎನ್ನುವುದು ಯಾವ ನ್ಯಾಯವೋ!

ಚಿಕ್ಕಸಿದ್ದಮ್ಮನವರ ಬಲಗಿವಿ ಹೋಗಿ ಆರು ವರ್ಷವಾಯಿತು. ಎಡಗಿವಿಯೂ ಅದರ ಹಿಂದೆಯೇ ಹೊರಟಿತು. ಅವರು ಯಾರಿಗೂ ಹೇಳಲಿಲ್ಲ. ಹೇಳಿದರೆ ಬೆಂಚು ಹೋಗುತ್ತದೆ, ಬೆಂಚು ಹೋದರೆ ಮರಳಿನ ಶೆಡ್ಡು. ಅಲ್ಲಿಗೆ ಹೋಗಿ ಬಂದವರ ಗತಿ ಮನೆಯಲ್ಲೇ ಕಣ್ಣೆದುರು ಕೆಮ್ಮುತ್ತಿದೆ. ಕಿವಿ ಕೈಕೊಟ್ಟರೂ ಇವರ ಕೈ ಇವರನ್ನು ಬಿಡಲಿಲ್ಲ. ಗೂಟವನ್ನು ಎಡಗೈಯಲ್ಲಿ ಸಡಿಲವಾಗಿ ಹಿಡಿದು ಬಡಿದರೆ ಅಂಗೈಯಲ್ಲಿ ಒಂದು ನಡುಕ ಹುಟ್ಟುತ್ತದೆ. ಗಟ್ಟಿ ಗೂಟದಲ್ಲಿ ಅದು ಒಂದು ಉಸಿರಿನಷ್ಟು ಹೊತ್ತು ಉಳಿಯುತ್ತದೆ, ಬಿರುಕಿದ್ದರೆ ಹುಟ್ಟಿದಲ್ಲೇ ಅಡಗುತ್ತದೆ. "ಕಿವಿ ಇದ್ದಾಗ್ಲೂ ಕೈಗೆ ಗೊತ್ತಾಯ್ತಿತ್ತು ಕಣಪ್ಪ. ನಾನೇ ಗ್ಯಾನ ಮಡಗಿರ್ನಿಲ್ಲ. ಕಿವಿ ಓದ್ಮೇಲೆ ಕೈ ಮಾತಾಡೋಕ್ಕೆ ಸುರುಮಾಡ್ತು" ಎನ್ನುತ್ತಾರೆ. ಆರು ವರ್ಷ ಅಂಗೈಯಿಂದಲೇ ಕೇಳಿದರು. ಒಂದು ಗೂಟವೂ ವಾಪಸ್ಸು ಬರಲಿಲ್ಲ, ಒಬ್ಬರಿಗೂ ಅನುಮಾನ ಬರಲಿಲ್ಲ.

ಎಡವಟ್ಟಾದದ್ದು ಕಳೆದ ಸುಗ್ಗಿಯ ಹೊತ್ತಿಗೆ. ಎರಡು ಸಾವಿರ ಗೂಟವನ್ನು ಒಂದೊಂದಾಗಿ ಎತ್ತಿ ಬಡಿಯಲು ಹೊತ್ತು ಸಾಲದು ಎಂದು ಸೂಪರ್‌ವೈಸರ್ ವೆಂಕಟೇಶ್ ಒಂದು ಉಪಾಯ ಹೂಡಿದರು. ಉದ್ದನೆಯ ಕಬ್ಬಿಣದ ತಟ್ಟೆ ಮಾಡಿಸಿ, ಗೂಟಗಳನ್ನು ಸಾಲಾಗಿ ಜೋಡಿಸಿಟ್ಟು, ಈ ತುದಿಯಿಂದ ಆ ತುದಿಗೆ ಬಡಿಯುತ್ತಾ ಹೋಗುವುದು. ಕೇಳಲು ಚೆನ್ನಾಗಿಯೇ ಇತ್ತು. ಆದರೆ ಕಬ್ಬಿಣದ ಮೇಲೆ ಕಬ್ಬಿಣವಿಟ್ಟು ಬಡಿದರೆ ತಟ್ಟೆಯೇ ಟಣ್ ಅನ್ನುತ್ತದೆ. ಸತ್ತ ಗೂಟವೂ ಜೀವಂತ ಗೂಟದ ಹಾಗೆ ಹಾಡುತ್ತದೆ.

ಚಿಕ್ಕಸಿದ್ದಮ್ಮನವರ ಕೈಗೆ ಗೂಟವೇ ಸಿಗಲಿಲ್ಲ. "ವೆಂಕಟೇಸಪ್ಪ, ಕೈಗೆ ಕೊಡ್ಸಿ, ತಟ್ಟೆ ಬ್ಯಾಡ" ಎಂದು ಎರಡು ಸಲ ಕೇಳಿದರು. ಯಾಕಮ್ಮಾ ಎಂದರೆ ಉತ್ತರ ಹೇಳುವ ಹಾಗಿಲ್ಲ. ಹೇಳಿದರೆ ಕಿವುಡು ಬಯಲಾಗುತ್ತದೆ. ಬಾಯಿ ಮುಚ್ಚಿಕೊಂಡರು. ಒಂಬತ್ತು ದಿನ ಸುಮ್ಮನೆ ಬಡಿದರು, ಸುಮ್ಮನೆ ತಲೆಯಾಡಿಸಿದರು. ಅವಸರದ ಆ ಕಂಟೇನರ್ ತುಂಬಿ ಹೊರಟ ಮೇಲೆ ತಟ್ಟೆ ಮೂಲೆ ಸೇರಿತು, ಗೂಟ ಮತ್ತೆ ಕೈಗೆ ಬಂತು.

ಎರಡು ತಿಂಗಳ ಮೇಲೆ ಆ ಕಡೆಯ ಖರೀದಿದಾರರಿಂದ ಪತ್ರ ಬಂತು. ಒಂದು ಕಂಟೇನರ್‌ನಲ್ಲಿ ಮೂವತ್ತೊಂದು ಗೂಟ ಬಿರುಕು. ಪುಣ್ಯಕ್ಕೆ ಯಾವುದೂ ಹಳಿಯ ಕೆಳಗೆ ಹೋಗಿರಲಿಲ್ಲ, ಅವರ ಗೋದಾಮಿನ ಪರೀಕ್ಷೆಯಲ್ಲೇ ಸಿಕ್ಕಿಬಿದ್ದವು. ಇಡೀ ಕಂಟೇನರ್ ತಿರಸ್ಕಾರವಾಯಿತು. ಜೊತೆಗೆ ಹೊಸ ನಿಯಮವೂ ಬಂತು: ದನಿ ಪರೀಕ್ಷಿಸುವವರ ಕಿವಿ ಸರಿಯಿದೆ ಎಂದು ವೈದ್ಯರ ಸರ್ಟಿಫಿಕೇಟ್ ಬೇಕು. ಮೈಸೂರಿಗೆ ಕರೆದೊಯ್ದು ಪರೀಕ್ಷೆ ಮಾಡಿಸಿದರು. ಬಲಗಿವಿ ಪೂರ್ತಿ ಇಲ್ಲ, ಎಡಗಿವಿ ಅರ್ಧಕ್ಕೂ ಕಮ್ಮಿ. ಸರಿ, ತಪ್ಪು ಯಾರದು ಎಂದು ಹುಡುಕುವ ಕಷ್ಟವೇ ಯಾರಿಗೂ ಉಳಿಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ.

ಆವತ್ತು ಅವರು ಎಲ್ಲವನ್ನೂ ಬಾಯಿಬಿಟ್ಟರು. ವೆಂಕಟೇಶ್ ನಂಬಲಿಲ್ಲ. ಬಿರುಕಿರುವ ಮೂರು ಗೂಟಗಳನ್ನು ನೂರು ಗಟ್ಟಿ ಗೂಟಗಳಲ್ಲಿ ಬೆರೆಸಿ, ಅವರ ಎರಡೂ ಕಿವಿಗೆ ಹತ್ತಿ ತುರುಕಿ, ಕಣ್ಣಿಗೆ ಬಟ್ಟೆ ಕಟ್ಟಿ ಮುಂದಿಟ್ಟರು. ಕಾಲು ಗಂಟೆ ಚಿಲ್ಲರೆಯಲ್ಲಿ ಮೂರೂ ಕೆಂಪು ಡಬ್ಬದಲ್ಲಿದ್ದವು. ಬೇರೆ ಒಂದೂ ಬೀಳಲಿಲ್ಲ. ಮೂಲೆಯಲ್ಲಿದ್ದ ತಟ್ಟೆ ಆ ಸಂಜೆಯೇ ಗುಜರಿಗೆ ಹೋಯಿತು. "ನನ್ನ ತಪ್ಪೇ ಸಾರ್. ಅಮ್ಮ ಕೇಳ್ದಾಗ ಕೊಡ್ಬೇಕಿತ್ತು. ಅವ್ರ ಕೈ ಮುಂದೆ ಯಾವ ಮಿಷನ್ನೂ ಇಲ್ಲ" ಎಂದು ವೆಂಕಟೇಶ್ ಈಗ ಯಾರ ಎದುರಾದರೂ ಒಪ್ಪಿಕೊಳ್ಳುತ್ತಾರೆ. ಒಪ್ಪಿಕೊಂಡು ಏನು ಬಂತು? ಫಾರಂನಲ್ಲಿ ಕಿವಿಗೆ ಒಂದು ಕಲಂ ಇದೆ, ಕೈಗೆ ಇಲ್ಲ. ವೀರಭದ್ರಸ್ವಾಮಿಯವರು ಖರೀದಿದಾರರಿಗೆ ಎರಡು ಸಲ ಬರೆದರು, ಎರಡು ಸಲವೂ ಒಂದೇ ಉತ್ತರ. "ಸುಂಕ ಹೋಯ್ತು, ಕಾಗದ ಬಂತು. ನಾನೇನು ಮಾಡ್ಲಿ? ನೂರಿಪ್ಪತ್ತು ಜನದ ಅನ್ನ ಇದೆ" ಎಂದು ಅವರು ಕೈಚೆಲ್ಲುತ್ತಾರೆ. ಮುಂದಿನ ತಿಂಗಳು ಐದನೇ ತಾರೀಖು ಖರೀದಿದಾರರ ಕಡೆಯವರು ಬೆಂಚು ನೋಡಲು ಬರುತ್ತಾರೆ. ಅಷ್ಟರೊಳಗೆ ಅಲ್ಲಿ ಅನುಶ್ರೀ ನಿಂತಿರಬೇಕು. ಚಿಕ್ಕಸಿದ್ದಮ್ಮನವರಿಗೆ ಖಾಲಿ ಇರುವುದು ಮರಳಿನ ಶೆಡ್ಡು ಒಂದೇ.

ಅವರು ಹೋಗುತ್ತಾರೆ. "ಮೂಗ್ಗೆ ಬಟ್ಟೆ ಕಟ್ಕೊಂಡು ಮಾಡ್ತೀನಿ, ಇನ್ನೇನ್ ಮಾಡಾದು" ಎನ್ನುವಾಗ ಮುಖದಲ್ಲಿ ಕೋಪವೂ ಇಲ್ಲ, ಅಳುವೂ ಇಲ್ಲ. ಅವರನ್ನು ಒಳಗೆ ಕೊರೆಯುವುದು ಶೆಡ್ಡಲ್ಲ, ಆ ಒಂಬತ್ತು ದಿನ. "ನನ್ ಬೆಂಚು ಉಳೀಲಿ ಅಂತ ಬಾಯ್ ಮುಚ್ಕೊಂಡೆ. ಆ ಗೂಟ್ಗಳ ಮ್ಯಾಲೆ ರೈಲ್ ಓಡಿದ್ರೆ? ಯಾರ್ ಮಕ್ಳೋ ಕುಂತಿರ್ತಿದ್ರಲ್ಲ. ನೆನುಸ್ಕಂಡ್ರೆ ಈಗ್ಲೂ ಮೈ ಜುಂ ಅಂತದೆ."

ಹತ್ತು ಗಂಟೆಗೆ ಟೀ. ಮಿಷನ್ನುಗಳು ನಿಂತ ಆ ಹದಿನೈದು ನಿಮಿಷ ಅನುಶ್ರೀಗೆ ನಿಜವಾದ ಪಾಠ. ಬೆಳಗಿನಿಂದ ಬಡಿದದ್ದರಲ್ಲಿ ಅವರು ನಾಲ್ಕನ್ನು ತಪ್ಪು ಡಬ್ಬಕ್ಕೆ ಹಾಕಿದ್ದಾರೆ. ಚಿಕ್ಕಸಿದ್ದಮ್ಮ ನಾಲ್ಕನ್ನೂ ಎತ್ತಿ ಅವರ ಅಂಗೈಯಲ್ಲಿಟ್ಟು ಬಡಿಸುತ್ತಾರೆ. "ಬಿಗಿ ಇಡೀಬ್ಯಾಡ ಕೂಸೆ, ಕೋಳಿಮರಿ ಇಡ್ದಂಗೆ ಇಡಿ." ಮೂರನೆಯದಕ್ಕೆ ಅನುಶ್ರೀಯ ಕಣ್ಣು ಅರಳುತ್ತದೆ. "ಅಕ್ಕಾ, ಗೊತ್ತಾಯ್ತು! ನಡುಕ ನಿಂತೋಯ್ತು ನೋಡಿ!" ಆಮೇಲೆ ತಾನು ಏನು ಹೇಳಿದೆ, ಅದರ ಅರ್ಥವೇನು ಎಂದು ಹೊಳೆದು ತಲೆ ತಗ್ಗಿಸುತ್ತಾರೆ. ಚಿಕ್ಕಸಿದ್ದಮ್ಮನವರು ಅವರ ಬೆನ್ನು ಸವರುತ್ತಾರೆ.

ಮಾಲೀಕರ ಹತ್ತಿರ ಅವರು ತಮಗಾಗಿ ಏನನ್ನೂ ಕೇಳಿಲ್ಲ. ಕೇಳಿರುವುದು ಒಂದೇ: ಮಿಷನ್ನುಗಳಿಗೂ ಬೆಂಚಿಗೂ ನಡುವೆ ಒಂದು ಇಟ್ಟಿಗೆ ಗೋಡೆ. ಅನುಶ್ರೀಯ ಕಿವಿಯಾದರೂ ಉಳಿಯಲಿ ಎಂದು. ಗೋಡೆ ಕಟ್ಟಲು ನಾಲ್ಕು ದಿನ ಕೆಲಸ ನಿಲ್ಲಿಸಬೇಕು, ಈ ಆರ್ಡರ್ ಮುಗಿಯಲಿ ಎಂದಿದ್ದಾರೆ ವೀರಭದ್ರಸ್ವಾಮಿಯವರು. ಮಿಷನ್ನುಗಳು ಮತ್ತೆ ಕಿರುಚಲು ಶುರುಮಾಡುತ್ತವೆ. ಚಿಕ್ಕಸಿದ್ದಮ್ಮ ಸುತ್ತಿಗೆಯನ್ನು ಅನುಶ್ರೀಯ ಕೈಗೆ ಕೊಟ್ಟು, ನಮ್ಮ ಕಡೆ ತಿರುಗಿ, ಗದ್ದಲವನ್ನು ಮೀರಿ ಕೂಗಿ ಹೇಳುತ್ತಾರೆ:

"ಈ ಆರ್ಡ್ರು ಮುಗುದ್ರೆ ಇನ್ನೊಂದು ಬತ್ತದೆ, ಅದು ಮುಗುದ್ರೆ ಮತ್ತೊಂದು ಬತ್ತದೆ ಕಣಪ್ಪ. ಕಿವಿ ಅಂಗೆ ತಿರ್ಗಾ ಬಂದದಾ?"