ವಿಭೂತಿ ಹಚ್ಚಿದ ಟೇಪು

ಹೋದ ವಾರ ಸಿಂದಗಿಯ ನಮ್ಮ ಅಂಗಡಿಯಲ್ಲಿ ಹಳೆಯ ರಟ್ಟಿನ ಡಬ್ಬಿಯೊಂದನ್ನು ಬಿಚ್ಚಿದೆ. ಮೊದಲು ಬಂದದ್ದು ವಿಭೂತಿಯ ವಾಸನೆ. ಒಳಗೆ ಒಂದೇ ಒಂದು ಬ್ಯಾಕಪ್ ಟೇಪು, ಕಂಪ್ಯೂಟರಿನ ದಾಖಲೆ ತುಂಬಿಡುವ ಅಂಗೈ ಅಗಲದ ಕಪ್ಪು ಕ್ಯಾಸೆಟ್ಟು. ಅದರ ಬೆನ್ನಿನ ಮೇಲೆ ಮೂರು ಬೆರಳಿನ ಬಿಳಿ ಪಟ್ಟೆ. ಕಾಕಾ ಹಚ್ಚಿದ್ದು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ...

ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದ ಅವರು ಬಸವನ ಬಾಗೇವಾಡಿಯ ಒಂದು ಕಚೇರಿಯಲ್ಲಿ ದಾಖಲೆ ಕೋಣೆಯ ಗುಮಾಸ್ತರಾಗಿದ್ದರು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಕಾಗದಪತ್ರ, ಮನೆಮನೆಯ ಫೋಟೊ ಅಲ್ಲಿದ್ದವು. ಗೆದ್ದಲು ಹತ್ತಿದ ಮೇಲೆ ಎಲ್ಲವನ್ನೂ ಸ್ಕ್ಯಾನ್ ಮಾಡಿ ಟೇಪಿಗೆ ತುಂಬಿದರು. ಮೂಲ ಕಾಗದ ಉಳಿಯಲಿಲ್ಲ. ಆ ಟೇಪುಗಳನ್ನು ತಾನೇ ಎತ್ತಿ ಇಡುವ ಯಂತ್ರವನ್ನು ಜೋಡಿಸಲು ಹೋದವನು ನಾನು. ಬೀರುವಿನಂಥ ಪೆಟ್ಟಿಗೆ, ಒಳಗೆ ಸಾಲು ಗೂಡುಗಳು, ಗೂಡಿಗೊಂದು ಟೇಪು. ಯಂತ್ರದ ಕೈ ಪ್ರತಿ ಟೇಪಿನ ಬೆನ್ನಿಗಿರುವ ಬಾರ್‌ಕೋಡ್ ಚೀಟಿ ಓದಿ, ಸಾಫ್ಟ್‌ವೇರ್ ಕೇಳಿದ್ದನ್ನು ತೆಗೆದು ಟೇಪು ಓದಿ ಬರೆಯುವ ಡ್ರೈವಿಗೆ ಹಾಕುತ್ತಿತ್ತು.

ಎರಡು ದಿನ ಅದು ನನ್ನ ತಲೆ ತಿಂದಿತು. ಟೇಪು ಹಾಕಿದರೂ ಡ್ರೈವ್ ಖಾಲಿ ಎನ್ನುತ್ತಿತ್ತು ಸಾಫ್ಟ್‌ವೇರ್. ಪೆಟ್ಟಿಗೆಯ ಗಾಜಿಗೆ ಮೂಗು ಹಚ್ಚಿ ನಿಂತಿದ್ದ ಕಾಕಾ, "ಸಾಹೇಬ್ರ, ಕೈ ಮ್ಯಾಲಿನ ಡ್ರೈವಿನ್ಯಾಗ ಇಡಾಕತ್ತೈತಿ, ನೀವು ಕೆಳಗಿಂದು ನೋಡಾಕತ್ತೀರಿ" ಎಂದರು. ನಿಜ, ಎರಡು ಡ್ರೈವುಗಳ ಕ್ರಮವನ್ನು ನಾನೇ ಅದಲುಬದಲು ಮಾಡಿದ್ದೆ. ಓದಿದವನ ಜಂಬ ಅಲ್ಲಿಗೆ ಇಳಿಯಿತು.

ಅವತ್ತೇ ಅವರು ಒಂದು ಟೇಪನ್ನು ನನ್ನ ಕೈಗಿಟ್ಟು, "ನಮ್ಮ ಅವ್ವ ಇದರಾಗ ಅದಾಳ್ರಿ" ಎಂದರು. ಮುಳುಗಡೆಗೆ ಮೊದಲು ಮನೆ ಅಳೆಯಲು ಬಂದವರು ಅವರ ತಾಯಿಯನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಮನೆಯ ನಂಬರ್ ಬರೆದ ಪಾಟಿಯನ್ನು ಕೈಗೆ ಕೊಟ್ಟು ಫೋಟೊ ತೆಗೆದಿದ್ದರಂತೆ. ಅವ್ವನದಾಗಲಿ, ಆ ಮನೆಯದಾಗಲಿ ಬೇರೆ ಫೋಟೊ ಇರಲಿಲ್ಲ.

ಇನ್ನೂ ಚೀಟಿ ಅಂಟಿಸದ ಹೊಸ ಟೇಪು ಇಟ್ಟಾಗಲೆಲ್ಲ ಸಾಫ್ಟ್‌ವೇರ್ ನಿಂತು, ಇದರ ಮೇಲೆ ಬರೆಯಲೇ ಎಂದು ಅಪ್ಪಣೆ ಕೇಳುತ್ತಿತ್ತು. ನನಗೆ ಸಾಕಾಗಿತ್ತು. ಸಿಂದಗಿಯ ಬಸ್ಸಿಗೂ ಹೊತ್ತಾಗಿತ್ತು. ಚೀಟಿ ಓದಲು ಬಾರದ ಟೇಪನ್ನು ಖಾಲಿ ಎಂದು ತಿಳಿದು, ಕೇಳದೆಯೇ ಅದರ ಮೇಲೆ ಬರೆಯಲಿ ಎಂಬ ಆಯ್ಕೆಗೆ ಟಿಕ್ ಹಾಕಿ ಹೊರಟುಬಿಟ್ಟೆ.

ಮಹಾನವಮಿ ಬಂತು, ಆಯುಧ ಯಂತ್ರಗಳನ್ನು ಪೂಜಿಸುವ ಖಂಡೇಪೂಜೆ. ಕಾಕಾ ಟೇಪುಗಳನ್ನೆಲ್ಲ ಹೊರತೆಗೆದು ಒಂದೊಂದಕ್ಕೂ ವಿಭೂತಿಯ ಬೊಟ್ಟಿಟ್ಟರು. ಅವ್ವನ ಟೇಪಿಗೆ ಮಾತ್ರ ನೀರಲ್ಲಿ ಕಲಸಿ, ಚೀಟಿಯ ಮೇಲೆಯೇ ಮೂರು ಬೆರಳು ದಪ್ಪಗೆ ಎಳೆದರು. ಯಂತ್ರಕ್ಕೆ ಆ ಚೀಟಿ ಕಾಣಲಿಲ್ಲ. ಟೇಪು ಖಾಲಿ ಎಂದುಕೊಂಡು ಅದರ ಮೇಲೆ ಆ ವಾರದ ಹಾಜರಿ ಪಟ್ಟಿ ಬರೆಯಿತು.

ಅವ್ವನ ಟೇಪಿನಲ್ಲಿದ್ದದ್ದು ಸಿಗುತ್ತಿಲ್ಲವೆಂದು ಕರೆ ಬಂದಾಗ ಓಡಿದೆ. ಯಂತ್ರ ಬರೆದಿಟ್ಟ ಕೆಲಸದ ಪಟ್ಟಿ ನೋಡಿದ ಕೂಡಲೇ ನನಗೆ ಎಲ್ಲ ತಿಳಿಯಿತು. ಕಾಕಾರ ಮೇಲಧಿಕಾರಿ ಎದುರಿಗೇ ನಿಂತಿದ್ದರು. ನನ್ನ ಬಾಯಿಂದ ಬಂದದ್ದು ಇಷ್ಟೇ: "ಚೀಟಿ ಮ್ಯಾಲೆ ವಿಭೂತಿ ಹಚ್ಚ್ಯಾರ್ರಿ, ಅದಕ್ಕ ಹಿಂಗಾಗೈತಿ." ಟಿಕ್ಕಿನ ಮಾತನ್ನು ನುಂಗಿಕೊಂಡೆ. ಕಾಕಾ ತಮ್ಮ ಬೆರಳುಗಳನ್ನೇ ನೋಡುತ್ತ ನಿಂತರು.

"ನನ್ನ ಕೈಲೇ ಅಳಸಿಬಿಟ್ಟೆನಲ್ರಿ ಅವ್ವನ್ನ..."

ಏನಾದರೂ ಉಳಿದಿದೆಯೇ ನೋಡುತ್ತೇನೆಂದು ಟೇಪನ್ನು ಜೊತೆಗೆ ತಂದೆ. ಏನೂ ಉಳಿದಿರಲಿಲ್ಲ. ಮುಂದಿನ ಸಲ ಹೋದಾಗ ಕಾಕಾ ಚಹಾ ತರಿಸಿಕೊಟ್ಟರು, ಮೊದಲಿನಂತೆಯೇ ಮಾತಾಡಿಸಿದರು. ಹಣೆ ಮಾತ್ರ ಬರಿದಾಗಿತ್ತು. ಹುಟ್ಟಿದಾಗಿನಿಂದ ವಿಭೂತಿ ತಪ್ಪದ ಹಣೆ ಅದು. ಆಗಲಾದರೂ ಹೇಳಬೇಕಿತ್ತು. ಕಪ್ಪು ಕೆಳಗಿಟ್ಟು ಎದ್ದು ಬಂದೆ, ಹೇಡಿ ನಾನು.

ನಿವೃತ್ತಿಯ ನಂತರ ಅವರು ಮುದ್ದೇಬಿಹಾಳದಲ್ಲಿ ಮಗಳ ಮನೆಯಲ್ಲಿದ್ದರು. ಈ ಬೇಸಿಗೆಯಲ್ಲಿ ತೀರಿಕೊಂಡರೆಂದು ಯಾರೋ ಹೇಳಿದರು. ಕೊನೆಯವರೆಗೂ ವಿಭೂತಿ ಹಚ್ಚಿಕೊಳ್ಳಲಿಲ್ಲವಂತೆ.

ಟೇಪನ್ನು ಒರೆಸಲು ಬಟ್ಟೆ ತೆಗೆದುಕೊಂಡೆ. ಕೈ ಬರಲಿಲ್ಲ, ಹಾಗೆಯೇ ಡಬ್ಬಿಗೆ ಹಾಕಿದೆ. ಸಿಂದಗಿಯಿಂದ ಮುದ್ದೇಬಿಹಾಳಕ್ಕೆ ದಿನಾ ಬಸ್ಸಿತ್ತು... ಇಷ್ಟು ವರ್ಷಗಳಲ್ಲಿ ನಾನು ಒಂದು ದಿನವೂ ಹತ್ತಲಿಲ್ಲ.