ಗುರವ್ವನಿಗೆ ಬಿದ್ದ ಹುಬ್ಬಳ್ಳಿ ಚಪ್ಪಾಳೆ

"ಹುಬ್ಬಳ್ಳಿ ಮಂದಿ ನನಗ ಹೊಡದಂಥಾ ಚಪ್ಪಾಳಿ ಇಡೀ ಸೋವಿಯತ್ ದೇಶದಾಗ ಯಾರಿಗೂ ಬಿದ್ದಿಲ್ರಿ!"

ಡಲ್ಲಾಸ್ ಹತ್ತಿರದ ಲಿಟಲ್ ಎಲ್ಮ್‌ನಲ್ಲಿ ನಮ್ಮ ಪಕ್ಕದ ಮನೆಯ ಗುರವ್ವ ಈ ಮಾತು ಹೇಳದಿದ್ದರೆ ಅಂದು ಸೂರ್ಯ ಮುಳುಗಲು ಹಿಂದೆಮುಂದೆ ನೋಡುತ್ತಿದ್ದ. ಆಕೆಯ ಹುಟ್ಟುಹೆಸರು ಝಿನಾಯಿದಾ. ಊರು ತಾಷ್ಕೆಂಟ್. ಎಂಬತ್ತರ ದಶಕದಲ್ಲಿ ಅಲ್ಲಿನ ರೇಡಿಯೋದಲ್ಲಿ, ಹತ್ತಿ ಗಿರಣಿಗಳ ಸಭಾಂಗಣಗಳಲ್ಲಿ ಹಾಡಿ ಹೆಸರಾದವಳು. ಆಕೆ ದನಿ ಏರಿಸಿದರೆ ಸಮರ್ಕಂದದ ಕರಬೂಜಗಳು ತಾವಾಗಿ ಬಿರಿಯುತ್ತಿದ್ದವು ಎನ್ನುತ್ತೇನೆ ನಾನು. ಆಕೆ ಒಪ್ಪುವುದಿಲ್ಲ, ನಾನು ಬಿಡುವುದಿಲ್ಲ.

ಅಲ್ಲಿ ಯಾವ ಹಾಡೂ ರೇಡಿಯೋಗೆ ಹೋಗುವ ಮುಂಚೆ ಸರ್ಕಾರದ ಕಲಾಮಂಡಳಿ ಕೂತು ಕೇಳಿ ಒಪ್ಪಬೇಕಿತ್ತು. ಹಾಡುವಾಗ ಭುಜ ಕುಣಿಸಿದಳೆಂದು ಒಮ್ಮೆ ಆಕೆಯನ್ನು ವರ್ಷವಿಡೀ ಹೊರಗಿಟ್ಟಿದ್ದರಂತೆ. ಜನ ಮಾತ್ರ ಕೈಬಿಡಲಿಲ್ಲ. ಹಾಡು ಮೆಚ್ಚಿಗೆಯಾದರೆ ಅಲ್ಲಿಯವರು ಸಭೆಗೆ ಸಭೆಯೇ ಒಂದೇ ತಾಳಕ್ಕೆ ಚಪ್ಪಾಳೆ ಹೊಡೆಯುತ್ತಾರೆ. ಇನ್ನೊಂದು ಹಾಡಬೇಕು ಎಂದು ಅದರರ್ಥ.

ಜವಳಿ ಎಂಜಿನಿಯರಿಂಗ್ ಓದಲು ಅಲ್ಲಿಗೆ ಹೋದ ಹುಬ್ಬಳ್ಳಿಯ ಚಿದಾನಂದ್ ಹೀಗೆ ಚಪ್ಪಾಳೆ ಹೊಡೆದು ಹೊಡೆದೇ ಆಕೆಯನ್ನು ಮದುವೆಯಾದ. ಹುಬ್ಬಳ್ಳಿಗೆ ಕರೆತಂದಾಗ ಅತ್ತೆ ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಸಿದರು. ಝಿನಾಯಿದಾ ಗುರವ್ವನಾದಳು. ಅದೇ ವರ್ಷ ಹುಬ್ಬಳ್ಳಿಯ ಒಂದು ಕಾಲೇಜಿನ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಹಾಡಲು ಕರೆದರು. ಮೊದಲ ಹಾಡು ಮುಗಿಯುವುದರೊಳಗೆ ಹುಡುಗರು ಒಂದೇ ತಾಳಕ್ಕೆ ಶುರುಮಾಡಿದರು. ಗುರವ್ವನ ಕಣ್ಣು ತುಂಬಿತು. ಇನ್ನೊಂದು ಹಾಡಿದಳು. ಚಪ್ಪಾಳೆ ಜೋರಾಯಿತು. ಮತ್ತೊಂದು ಹಾಡಿದಳು, ಮಗದೊಂದು ಹಾಡಿದಳು. ಚಪ್ಪಾಳೆಗೆ ಚಾವಣಿ ಹಾರಿ ಧಾರವಾಡದಲ್ಲಿ ಬಿತ್ತೆಂದು ನನ್ನ ಅಂದಾಜು.

ಆಮೇಲೆ ಸೋವಿಯತ್ ಎಂಬ ದೇಶವೇ ಇಲ್ಲವಾಯಿತು, ಆಕೆಯ ಹಾಡುಗಳನ್ನು ಕೇಳುವವರೂ ಚೆದುರಿಹೋದರು. ಗಂಡನ ಕೆಲಸದ ಹಿಂದೆ ಹ್ಯೂಸ್ಟನ್‌ಗೆ ಬಂದು ಡೇಕೇರ್ ಮಕ್ಕಳನ್ನು ಮಲಗಿಸಲು ಹಾಡಿದಳು. ಆ ಗಂಟಲಿಗೆ ಒಂದು ಮಗುವೂ ಮಲಗಲಿಲ್ಲ. ಆಸ್ಟಿನ್‌ಗೆ ಶಿಫ್ಟ್ ಆದಮೇಲೆ ದ ಡೊಮೇನ್ ಎಂಬ ಮಾಲ್‌ನ ಅಂಗಡಿಯೊಂದರಲ್ಲಿ ಸೆಂಟಿನ ಬಾಟಲಿ ಮಾರಿದಳು. ಕೊನೆಗೆ ಲಿಟಲ್ ಎಲ್ಮ್ ಸೇರಿದಳು. ಎಲ್ಲೂ ಸ್ಟೇಜ್ ಹತ್ತಲೇ ಇಲ್ಲ. ಹಾಡುಗಾರ್ತಿಯಾಗಿದ್ದೆ ಎನ್ನುವುದಕ್ಕೆ ಆಕೆಯ ಪಾಲಿಗೆ ಉಳಿದದ್ದು ಹುಬ್ಬಳ್ಳಿಯ ಆ ಸಂಜೆಯೊಂದೇ.

ಈ ಸಲ ಡಲ್ಲಾಸ್ ಕಡೆಯ ಕನ್ನಡಿಗರು ಯುಗಾದಿ ಕಾರ್ಯಕ್ರಮದಲ್ಲಿ ಒಂದು ಹಾಡು ಹಾಡಿರೆಂದು ಕೇಳಿದರು. ಸ್ಟೇಜ್ ನೋಡಿಕೊಳ್ಳುವವಳು ಅಪೇಕ್ಷಾ, ಮೈಸೂರಿನ ಹುಡುಗಿ, ಹತ್ತಿರದ ರಿಚರ್ಡ್‌ಸನ್‌ನಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಹಾಡು ಗೊತ್ತುಮಾಡಲು ಗುರವ್ವನ ಮನೆಗೆ ಬಂದಳು. ಚಿದಾನಂದನ ಜೊತೆ ನಾನೂ ಅಲ್ಲೇ ರೊಟ್ಟಿ ಮುರಿಯುತ್ತಾ ಕೂತಿದ್ದೆ.

"ನಿನ್ನ ದೋಸ್ತರಿಗೆ ಹೇಳವಾ," ಅಂದಳು ಗುರವ್ವ, "ಹಾಡು ಮುಗಿದ ಕೂಡ್ಲೆ ಎಲ್ಲಾರೂ ಒಂದ ತಾಳಕ್ಕ ಚಪ್ಪಾಳಿ ಹೊಡೀಬೇಕು. ಹುಬ್ಬಳ್ಳಿಯವರ ಗತೆ."

"ಅಯ್ಯೋ, ಅದು ಬೇಡ ಆಂಟಿ! ಹಾಗೆ ಹೊಡೆದ್ರೆ 'ಸಾಕು ಇಳಿಯಮ್ಮ' ಅಂತ ಅಲ್ವಾ? ನಮ್ಮ ಕಾಲೇಜಲ್ಲೂ ಬೋರ್ ಹೊಡೆಸೋರನ್ನ ಹಾಗೇ ಓಡಿಸ್ತಿದ್ವಿ."

ಚಿದಾನಂದ್ ತಟ್ಟೆಯಲ್ಲಿ ಮುಖ ಹುದುಗಿಸಿದ. ಇನ್ನೊಂದಿಷ್ಟು ಬಗ್ಗಿದ್ದರೆ ಎಣ್ಣೆಗಾಯಿ ಮೂಗಿಗೇ ಹೋಗುತ್ತಿತ್ತು.

"ಏನ್ರೀ," ಅಂದಳು ಗುರವ್ವ. "ಹೌದೇನು?"

"ಹುಡುಗೂರು... ಹಂಗ ಮಾಡಿದ್ರು ಖರೆ."

"ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ನೀ ಅಷ್ಟು ಖುಷಿಲೆ ಇದ್ದಿ. ಹೆಂಗ ಹೇಳ್ಲಿ?"

ಗುರವ್ವ ಎದ್ದು ಒಳಗೆ ಹೋದಳು. ಮರುದಿನ ಹಾಡಿನ ಗುನುಗೂ ಕೇಳಲಿಲ್ಲ. ಭಾನುವಾರ ಕಾರ್ಯಕ್ರಮಕ್ಕೆ ಹೊರಡುವ ಹೊತ್ತಿಗೆ ಸೀರೆ ಉಟ್ಟು ಕಾರಿನಲ್ಲಿ ಕೂತಿದ್ದಳು. ಹಾಡಲು ಹೊರಟಳೋ, ಊಟಕ್ಕೋ? ಕೇಳುವ ಧೈರ್ಯ ಚಿದಾನಂದನಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಆಕೆಯ ಸರದಿ ಬಂದದ್ದು ಊಟಕ್ಕೆ ಮುಂಚೆ, ಎಲ್ಲರಿಗಿಂತ ಕೊನೆಗೆ. ಭಾಷಣಗಳು ಉದ್ದವಾಗಿ ಹೊತ್ತು ಮೀರಿತ್ತು. ಒಬ್ಬಟ್ಟಿನ ವಾಸನೆ ಒಳಗೆ ನುಗ್ಗಿ ಜನರ ಕಾಲರ್ ಹಿಡಿದು ಎಳೆಯುತ್ತಿತ್ತು. ಗುರವ್ವ ತಾಷ್ಕೆಂಟಿನ ಒಂದು ಹಳೆಯ ಹಾಡು ಹಾಡಿದಳು. ದನಿ ಸ್ವಲ್ಪ ಒಡೆದಿತ್ತು, ಆದರೂ ಚೆನ್ನಾಗಿತ್ತು. ಮುಗಿಸಿ ಅಲ್ಲೇ ನಿಂತಳು. ಹಿಂದಿನ ಸಾಲಿನಲ್ಲಿ ಹಸಿದವರ್‍ಯಾರೋ ಶುರುಮಾಡಿದರು: ಚಟ್, ಚಟ್, ಚಟ್. ಒಂದೇ ತಾಳ. ಅದು ಸಾಲಿನಿಂದ ಸಾಲಿಗೆ ಹಬ್ಬಿತು. ಅಪೇಕ್ಷಾ ಪರದೆಯ ಪಕ್ಕ ತಲೆ ಹಿಡಿದುಕೊಂಡಳು. ಚಿದಾನಂದ್ ನನ್ನ ಮೊಣಕೈ ಹಿಸುಕಿದ.

ನಿರೂಪಣೆ ಮಾಡುತ್ತಿದ್ದ ಪ್ರಶಾಂತ್ ಓಡಿಬಂದ. "ಆಂಟಿ, ತುಂಬಾ ಚೆನ್ನಾಗಿತ್ತು. ಊಟಕ್ಕೆ ಬಿಡೋಣ, ಕೆಳಗೆ ಬನ್ನಿ."

ಗುರವ್ವ ಮೈಕ್ ಬಿಡಲಿಲ್ಲ. ಸಭೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಹೊಡೀರಿ, ಹೊಡೀರಿ. ಹುಬ್ಬಳ್ಳಿ ಹುಡುಗೂರು ಹೊಟ್ಟಿ ತುಂಬ ಉಂಡು ಬಂದು ಹೊಡದಿದ್ರು, ನಾಕು ಹಾಡು ತಾಳಿಕೊಂಡ್ರು. ನೀವು ಹಸದೀರಿ. ಎಷ್ಟು ಹಾಡು ತಾಳತೀರಿ, ನೋಡೇಬಿಡೂಣು."