ಪೆಟ್ಟಿಗೆಗೆ ಹೊದಿಸಿದ ಟಾವೆಲ್

ನಿನ್ನೆ ಕುಂದಗೋಳದ ಮದುವೆಯೊಂದರಲ್ಲಿ ಹುಡುಗನೊಬ್ಬ ಒಬ್ಬನೇ ಕೀಬೋರ್ಡ್ ನುಡಿಸುತ್ತ ಹಾಡುತ್ತಿದ್ದ. ನನ್ನ ಹಿಂದಿನ ಕುರ್ಚಿಯವರು, "ಎಲ್ಲಾ ಮಷೀನ ಬಾರಸತೈತಿ, ಇವ ಸುಮ್ನ ಬಟನ್ ಒತ್ತತಾನ" ಎಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಇದೇ ಮಾತನ್ನು ಪರಕಾರ-ಪೋಲಕ ತೊಡುವ ವಯಸ್ಸಿನಲ್ಲೇ ಕೇಳಿದವಳು ನಾನು. ಯರಗುಪ್ಪಿಯ ಮದುವೆಯೊಂದಕ್ಕೆ ಅಪ್ಪನ ತಮ್ಮ, ನಮ್ಮ ಕಾಕಾ, ಹೊಸ ಕೀಬೋರ್ಡನ್ನು ಅವ್ವನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ತಾಳ ಅದರೊಳಗಿನಿಂದಲೇ ಬರುತ್ತಿತ್ತು, ನಿಜ. ಆದರೆ ಬಲಗೈಯಲ್ಲಿ ರಾಗ, ಎಡಗೈಯಲ್ಲಿ ಅದಕ್ಕೆ ಜೋಡಿ ಸ್ವರ, ಬಾಯಲ್ಲಿ ಹಾಡು, ಎಲ್ಲವೂ ಅವನದೇ. ಬೆವರೂ ಅವನದೇ!

ಉಡುಗೊರೆ ಕೊಟ್ಟು ಆಯೇರಿ ಮಾಡುವಾಗ ಬೀಗರ ಕಡೆಯ ಹಿರಿಯರೊಬ್ಬರು ಸನಾದಿ ಊದುವವರಿಗೆ, ಸಂಬಾಳ ಬಾರಿಸುವವರಿಗೆ ಟಾವೆಲ್ ಹೊದಿಸಿದರು. ಕಾಕಾನ ಮುಂದೆ ಬಂದವರೇ, "ದುಡದದ್ದು ಪೆಟ್ಟಿಗಿ, ಆಯೇರಿನೂ ಅದಕ್ಕ!" ಎಂದು ಅವನ ಟಾವೆಲನ್ನು ಕೀಬೋರ್ಡಿಗೆ ಹೊದಿಸಿಬಿಟ್ಟರು. ಚಪ್ಪರವೆಲ್ಲ ನಕ್ಕಿತು.

ಕಾಕಾ ತಾಳದ ಬಟನ್ ಒತ್ತಿ, ಕೈಕಟ್ಟಿ ಕೂತ. "ಹಂಗಾರ ಹಾಡೂ ಅದರ ಕಡೆನ ಹೇಳಿಸ್ರಿ" ಎಂದ. ರಾಗವಿಲ್ಲ, ಹಾಡಿಲ್ಲ, ಟಕ್ಕು ಟಕ್ಕು ಎಂದು ಬರೀ ತಾಳ ಬಡಿಯುತ್ತಲೇ ಇತ್ತು. ಈಗ ನಾಚಿಕೊಳ್ಳುತ್ತಾರೆ ಅಂದುಕೊಂಡೆ. ಹಿರಿಯರು ಇನ್ನೂ ಜೋರಾಗಿ, "ನೋಡ್ರೆಪಾ, ನಾ ಹೇಳಲಿಲ್ಲನು? ಕೈ ಹಚ್ಚದ ಬಾರಸಾಕತ್ತೈತಿ!" ಎಂದರು. ಅದಕ್ಕೆ ಚಪ್ಪಾಳೆ ಬೇರೆ!

ನಿನ್ನೆ ಎದ್ದುಹೋಗಿ, ಮದುಮಗನಿಗೆಂದು ಒಯ್ದಿದ್ದ ಟಾವೆಲನ್ನು ಆ ಹುಡುಗನ ಹೆಗಲಿಗೆ ಹೊದಿಸಿದೆ. "ಮಷೀನಿಗಲ್ಲಪಾ, ನಿನಗ" ಎಂದೆ. ಮೈಕು ಅಲ್ಲೇ ಇತ್ತು; ಹಿಂದಿನ ಕುರ್ಚಿಯವರಿಗೂ ಕೇಳಿಸಿತು.